ಒಂಟೊನಾಗನ್ ಟವರ್‌ಗೆ ತುಕ್ಕಿರಲಿಲ್ಲ

ಕೊಲೆಟ್ ಬರ್ಜೆರಾನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಆಗಸ್ಟ್ ತಿಂಗಳ ಒಂದು ಗುರುವಾರ, ಸಂಜೆ ಏಳೂಕಾಲಿಗೆ, ಈರುಳ್ಳಿ ಹುರಿಯುತ್ತಿದ್ದಾಗ. ಈರುಳ್ಳಿ ಸೀದದ್ದು ಏಳೂವರೆಗೆ. ನಡುವಿನ ಹದಿನೈದು ನಿಮಿಷದಲ್ಲಿ ನನ್ನ ನೆಮ್ಮದಿ ಹೋಯಿತು.

ಗುರುವಾರ ಏಳಕ್ಕೆ ನಮ್ಮ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋ, ಕ್ಲಬ್ಬಿನ ಕೂಟ. ಯಾರೂ ಎಲ್ಲಿಗೂ ಹೋಗಬೇಕಿಲ್ಲ. ಅವರವರ ಮನೆಯಲ್ಲಿ ರೇಡಿಯೋ ಮುಂದೆ ಕೂತು ಒಬ್ಬರಾದ ಮೇಲೆ ಒಬ್ಬರು ಮಾತಾಡುವುದು. ಕ್ಯಾಲುಮೆಟ್‌ನಿಂದ ಒಂಟೊನಾಗನ್‌ವರೆಗೆ, ಸುಪೀರಿಯರ್ ಸರೋವರದ ದಂಡೆಯುದ್ದಕ್ಕೂ ಇಪ್ಪತ್ತೈದು ಮನೆ. ಕೂಟ ನಡೆಸುವವರು ಉರ್ಹೋ ತಾತ. ಎಂಬತ್ತೊಂದು ವರ್ಷ, ಕಿವಿ ಮಾತ್ರ ಇಪ್ಪತ್ತೊಂದರದು.

ಆವತ್ತು ಹೊಸ ಹೆಣ್ಣುದನಿ ಬಂತು.

"ನಾನು ಒಂಟೊನಾಗನ್‌ನಿಂದ ಕೊಲೆಟ್. ರೆನೆ ಬರ್ಜೆರಾನ್ ಅವರ ಮಗಳು. ಏಪ್ರಿಲ್‌ನಲ್ಲಿ ಅಪ್ಪನ ಕೀಲಿ ಮೌನವಾಯ್ತು."

ನಮ್ಮಲ್ಲಿ ಯಾರನ್ನೂ ಸತ್ತರು ಎನ್ನುವುದಿಲ್ಲ, ಸಂದೇಶ ಕುಟ್ಟುವ ಕೀಲಿ ಮೌನವಾಯ್ತು ಎಂದು ಹೀಗೇ ಹೇಳುವುದು.

"ಮನೆ ಮಾರ್ತಾ ಇದೀನಿ," ಅವಳು ಮುಂದುವರಿಸಿದಳು. "ಅಂಗಳದಲ್ಲಿ ಅಪ್ಪನ ಆಂಟೆನಾ ಟವರ್ ಇದೆ. ಅರವತ್ತು ಅಡಿ. ಸುತ್ತ ತಂತಿ ಕಟ್ಟೋ ಹಾಗಿಲ್ಲ, ತನ್ನ ಕಾಲ ಮೇಲೆ ತಾನೇ ನಿಲ್ಲೋದು. ಯಾರಾದ್ರೂ ಬಿಚ್ಚಿ ತಗೊಂಡು ಹೋಗೋದಾದ್ರೆ ದುಡ್ಡಿಲ್ದೆ ಹಾಗೇ ಕೊಡ್ತೀನಿ."

"ನನಗೆ ಬೇಕು, ನಾನು ನೈಲ್ಸ್," ಎಂದಿತು ಒಂದು ಗಂಡುದನಿ. ನೈಲ್ಸ್ ಟ್ರೆವಾರೋನ ದನಿ.

ನನ್ನ ಕೈಯ ಸೌಟು ನಿಂತಿತು. ಒಂದು ಮೊಳೆ ಕೊಳ್ಳಲು ಮೂರು ಅಂಗಡಿ ಸುತ್ತುವ ಮನುಷ್ಯ ಇವನು. ಎರಡು ಸೆಕೆಂಡಿನಲ್ಲಿ 'ಬೇಕು' ಎಂದುಬಿಟ್ಟ!

"ಹಾಗಾದ್ರೆ ಭಾನುವಾರ ಬನ್ನಿ," ಅವಳು ನಕ್ಕಳು. "ಎಂಬತ್ತೆಂಟು, ನೈಲ್ಸ್."

ಹ್ಯಾಮ್‌ಗಳಿಗೆ ಅಂಕಿಗಳಲ್ಲೇ ಒಂದು ಭಾಷೆಯಿದೆ. ಎಪ್ಪತ್ಮೂರು ಎಂದರೆ ಶುಭವಾಗಲಿ. ಎಂಬತ್ತೆಂಟು ಎಂದರೆ ಪ್ರೀತಿ, ಮುತ್ತು. ತಮಾಷೆಗೆ ಹೇಳುವವರೂ ಉಂಟು, ನಿಜ. ಆದರೆ ನಾನು ಆರು ವರ್ಷದಲ್ಲಿ ಅವನಿಗೆ ಎಪ್ಪತ್ಮೂರನ್ನು ದಾಟಿ ಒಂದಂಕಿ ಮುಂದೆ ಹೋಗಿರಲಿಲ್ಲ. ಇವಳು ಬಂದ ಮೊದಲ ದಿನವೇ, ಇಪ್ಪತ್ತೈದು ಮನೆಗೆ ಕೇಳುವಂತೆ!

ಉರ್ಹೋ ತಾತ ಗಂಟಲು ಸರಿಮಾಡಿಕೊಂಡು ಮುಂದಿನವರನ್ನು ಕರೆದರು. ಅಡುಗೆಮನೆಯ ತುಂಬ ಹೊಗೆ.

* * *

ನನ್ನ ಹೆಸರು ವರ್ನಾ ಸಾರಿ. ಟವರ್ ಹತ್ತುವುದೇ ನನ್ನ ಕೆಲಸ. ಫೋನ್ ಕಂಪನಿಗಳ ಟವರ್ ಹತ್ತಿ ಬೋಲ್ಟ್ ಬಿಗಿಯುತ್ತೇನೆ, ಸುಟ್ಟ ದೀಪ ಬದಲಿಸುತ್ತೇನೆ, ಯಾವುದು ಇನ್ನೂ ಹತ್ತು ವರ್ಷ ಬಾಳುತ್ತದೆ, ಯಾವುದು ಈ ಚಳಿಗಾಲ ದಾಟುವುದಿಲ್ಲ ಎಂದು ಬರೆದುಕೊಡುತ್ತೇನೆ. ನಮ್ಮ ಕಡೆ ಟವರ್ ವಿಷಯದಲ್ಲಿ ವರ್ನಾ ಹೇಳಿದ ಮೇಲೆ ಮುಗಿಯಿತು. ಅದು ನನ್ನ ಹೆಮ್ಮೆಯಾಗಿತ್ತು.

ನೈಲ್ಸ್ ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಒಲೆ ರಿಪೇರಿ ಮಾಡುವವನು. ಜನವರಿಯಲ್ಲಿ ಊರಿಗೆ ಊರೇ ಅವನ ದಾರಿ ಕಾಯುತ್ತದೆ. ನಲವತ್ಮೂರು ವರ್ಷ, ಮದುವೆಯಾಗಿಲ್ಲ. ಕಿವಿಯ ಮೇಲೆ ಸದಾ ಒಂದು ಗಿಡ್ಡ ಪೆನ್ಸಿಲ್. ಯೋಚಿಸುವಾಗ ಅದನ್ನು ತೆಗೆದು ಕೆಳತುಟಿಗೆ ಮೆಲ್ಲಗೆ ತಟ್ಟಿಕೊಳ್ಳುತ್ತಾನೆ. ಆ ಪೆನ್ಸಿಲ್ ಆಗಿ ಹುಟ್ಟಬಾರದಿತ್ತೇ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ! ನನಗೆ ಒಂದು ಮದುವೆಯಾಗಿ ಮುರಿದಿತ್ತು. ಹಾಗಾಗಿ ಬಾಯಿ ಬಿಡಲು ಹೆದರಿಕೆ. ಎತ್ತರಕ್ಕೆ ಹೆದರದವಳು ಒಂದು ಮಾತಿಗೆ ಹೆದರುತ್ತಿದ್ದೆ.

ಅವನ ಆಂಟೆನಾ ಎಂದರೆ ಎರಡು ಮೇಪಲ್ ಮರಗಳ ನಡುವೆ ಬಿಗಿದ ತಂತಿ. ಮೇ ತಿಂಗಳ ಗಾಳಿಗೆ ಒಂದು ಮರ ಉರುಳಿತು. "ಇನ್ನು ಟವರೇ ಗತಿ," ಎಂದ. "ವರ್ನಾ, ನೀನು ಸ್ವಲ್ಪ ಹೇಳಿಕೊಡ್ತೀಯಾ?"

ಆ ಬೇಸಿಗೆ ನನ್ನ ಬದುಕಿನ ಚೆಂದದ ಬೇಸಿಗೆ. ವಾರಕ್ಕೆ ಮೂರು ಸಂಜೆ ಅವನ ಅಡುಗೆಮನೆಯ ಮೇಜಿಗೆ ಹೋಗುತ್ತಿದ್ದೆ. ಏಲಕ್ಕಿ ಬ್ರೆಡ್ ನಾನು ತರುತ್ತಿದ್ದೆ, ಕಾಫಿ ಅವನು ಮಾಡುತ್ತಿದ್ದ. ಮೇಜಿನ ತುಂಬ ಗ್ರಾಫ್ ಕಾಗದ.

"ತಂತಿ ಕಟ್ಟಿ ನಿಲ್ಲಿಸೋ ಟವರ್ ಆದ್ರೆ ಹಗುರ, ಸುಲಭವಾಗಿ ಸಿಗುತ್ತೆ," ನಾನು ಹೇಳುತ್ತಿದ್ದೆ. "ಆದ್ರೆ ಮೂರು ದಿಕ್ಕಿಗೂ ಜಾಗ ಬೇಕು. ನಿನ್ನ ಅಂಗಳದಲ್ಲಿ ತಂತಿ ಎಳೆದ್ರೆ ಒಂದು ಪಕ್ಕದಮನೆಯೋರ ಟೊಮೆಟೊ ಪಾತಿಗೇ ಹೋಗುತ್ತೆ."

"ಹಾಗಾದ್ರೆ ತಾನೇ ನಿಲ್ಲೋದು."

"ಅದಕ್ಕೆ ಬುಡ ಭಾರ. ಆಳವಾದ ಗುಂಡಿ, ರಾಶಿ ಕಾಂಕ್ರೀಟು."

"ಅಗೀತೀನಿ."

"ಹಾಗಾದ್ರೆ ಅದೇ ಅಂತ ಬರ್ಕೊಳ್ಳಲಾ?"

"ಇನ್ನೊಂದ್ಸಲ ನೋಡೋಣ್ವಾ?" ಎಂದು ಪೆನ್ಸಿಲ್ ತುಟಿಗೆ ತಟ್ಟಿಕೊಳ್ಳುತ್ತಿದ್ದ. ಮತ್ತೆ ಮೊದಲಿನಿಂದ ಶುರು. ಹಾಗೆ ಜೂನ್ ಹೋಯಿತು, ಜುಲೈ ಹೋಯಿತು. ನನಗೇನು ಅವಸರ?

ಅಷ್ಟರಲ್ಲಿ ಆ ಗುರುವಾರ ಬಂತು.

* * *

ಭಾನುವಾರ ಒಂಟೊನಾಗನ್‌ಗೆ ಇಬ್ಬರೂ ಹೋದೆವು. ನೈಲ್ಸ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಟವರ್ ನೋಡಲು ಇಸ್ತ್ರಿ ಅಂಗಿ!

"ಎಲ್ಲಿ ಮದುವೆ?" ಎಂದೆ.

"ಒಗೆದಿದ್ದು ಇದೊಂದೇ ಇತ್ತು ಕಣೇ."

ಕೊಲೆಟ್ ಬರಿಗಾಲಲ್ಲಿ ಹೊರಗೆ ಬಂದಳು. ಅಪ್ಪನದಿರಬೇಕು, ದೊಗಳೆ ಚೌಕಳಿ ಅಂಗಿ, ತೋಳು ಮೊಣಕೈವರೆಗೆ ಮಡಿಚಿತ್ತು. ಮೂವತ್ತೈದರ ಮೇಲಿಲ್ಲ. ನಕ್ಕರೆ ಮೂಗಿನ ಮೇಲೆ ಸಣ್ಣ ಸುಕ್ಕು ಬೀಳುತ್ತಿತ್ತು. ಅಂಥ ಸುಕ್ಕು ಕೆಲವರಿಗೆ ಮಾತ್ರ ಚೆಂದ, ಅವಳಿಗೆ ಚೆಂದವಾಗಿತ್ತು. ಕನ್ನಡಿಯ ಮುಂದೆ ನಿಂತು ನಾನೂ ಆಮೇಲೆ ಪ್ರಯತ್ನಿಸಿದೆ. ಸೀನು ಬಂದವಳ ಹಾಗೆ ಕಂಡೆ.

"ನಿಮ್ಮ ದನಿ ಕೇಳಿ ಇನ್ನೂ ವಯಸ್ಸಾದೋರು ಅಂದ್ಕೊಂಡಿದ್ದೆ," ಎಂದಳು ನೈಲ್ಸ್‌ಗೆ.

"ಅದು... ಮೈಕು ಹಳೇದು," ಎಂದು ಅವನು ಕೆಂಪಾದ.

ನಾನು ಬೆಲ್ಟ್ ಬಿಗಿದುಕೊಂಡು ಹತ್ತಿದೆ. ಅಲ್ಲಿ ನಿಂತು ನೋಡುವುದಕ್ಕಿಂತ ಹತ್ತುವುದೇ ವಾಸಿ.

ಒಳ್ಳೆಯ ಟವರ್ ಕಾಲಿಗೇ ಗೊತ್ತಾಗುತ್ತದೆ. ಮೂರು ಕೊಳವೆ ಕಾಲು, ನಡುವೆ ಅಡ್ಡಪಟ್ಟಿ, ಬುಡದಲ್ಲಿ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಸತುವಿನ ಲೇಪ ಎಲ್ಲಿಯೂ ಎದ್ದಿರಲಿಲ್ಲ. ಪ್ರತಿಯೊಂದು ಬೋಲ್ಟಿಗೂ ಗ್ರೀಸ್. ನೀರು ಹರಿದುಹೋಗಲು ಕಾಲಿನ ಬುಡದಲ್ಲಿ ಬಿಟ್ಟ ತೂತುಗಳನ್ನು ಯಾರೋ ವರ್ಷವರ್ಷವೂ ತಂತಿ ಹಾಕಿ ಬಿಡಿಸಿದ್ದರು. ನಮ್ಮ ಕಡೆಯ ಚಳಿಗೆ ಕೊಳವೆಯಲ್ಲಿ ನಿಂತ ನೀರು ಹೆಪ್ಪುಗಟ್ಟಿ ಉಕ್ಕನ್ನೇ ಸೀಳುತ್ತದೆ. ರೆನೆ ಬರ್ಜೆರಾನ್ ಅದಕ್ಕೆ ಆಸ್ಪದ ಕೊಟ್ಟಿರಲಿಲ್ಲ. ಅಷ್ಟು ಅಚ್ಚುಕಟ್ಟಾದ ಟವರನ್ನು ನಾನು ನೋಡಿರಲಿಲ್ಲ.

ತುದಿಯಲ್ಲಿ ನಿಂತು ಕೆಳಗೆ ನೋಡಿದೆ. ಹುಲ್ಲಿನ ಮೇಲೆ ಇಬ್ಬರೂ ಎದುರುಬದುರು ನಿಂತಿದ್ದರು. ಅವಳು ಏನೋ ಕೇಳಿದಳು. ಅವನು ಕೈಯಾಡಿಸಿ ಏನೋ ವಿವರಿಸಿದ. ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಅವಳು ಕೈ ಚಾಚಿ ಅವನ ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಂಡಳು; ಏನೋ ಬರೆದಳು; ಮತ್ತೆ ಅವಳೇ ಅದನ್ನು ಅಲ್ಲಿಯೇ ಸಿಕ್ಕಿಸಿದಳು.

ಅವನು ತಲೆ ಸರಿಸಿಕೊಳ್ಳಲಿಲ್ಲ.

ಅರವತ್ತು ಅಡಿ ಇಳಿಯುತ್ತ ಲೆಕ್ಕ ಹಾಕಿದೆ. ಈ ಟವರ್ ಬಿಚ್ಚಲು ಎರಡು ಮೂರು ವಾರಾಂತ್ಯ ಬೇಕು. ಅಷ್ಟು ದಿನ ಈ ಬರಿಗಾಲು, ಈ ಮೂಗಿನ ಸುಕ್ಕು, ಈ ಪೆನ್ಸಿಲ್.

"ಹೇಗಿದೆ?" ನೈಲ್ಸ್ ಕಣ್ಣರಳಿಸಿ ಕೇಳಿದ.

"ಬೇಡ," ಎಂದೆ. "ಕಾಲಿನೊಳಗೆ ತುಕ್ಕು ಹಿಡಿದಿದೆ. ಹೊರಗೆ ಕಾಣಲ್ಲ."

ನನ್ನ ದನಿ ನಡುಗಲೂ ಇಲ್ಲ. ಅವನು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ನಾನು ತಡವರಿಸಿ ಸಿಕ್ಕಿಬೀಳುತ್ತಿದ್ದೆ. ಅವನು ತಲೆಯಾಡಿಸಿದ, ಅಷ್ಟೇ. "ವರ್ನಾ ಬೇಡ ಅಂದ್ರೆ ಬೇಡ," ಎಂದ.

ಕೊಲೆಟ್‌ಳ ನಗು ಮಾಸಿತು. ಟವರಿನ ಕಾಲಿನ ಮೇಲೆ ಅಂಗೈ ಇಟ್ಟಳು. "ಅಪ್ಪ ಪ್ರತಿ ಸೆಪ್ಟೆಂಬರ್‌ನಲ್ಲೂ ನೋಡಿಕೊಳ್ತಿದ್ರು," ಎಂದಳು ಮೆಲ್ಲಗೆ. "ಎಪ್ಪತ್ತೆರಡನೇ ವಯಸ್ಸಲ್ಲೂ ಹತ್ತುತ್ತಿದ್ರು."

"ಒಳಗಿನದು ಅವರಿಗೆ ಕಂಡಿರಲ್ಲ ಬಿಡಿ," ಎಂದೆ.

ಆ ಮಾತು ನೆನೆದರೆ ಇವತ್ತಿಗೂ ನಾಲಿಗೆ ಕಹಿಯಾಗುತ್ತದೆ.

* * *

ಸುಳ್ಳು ಹೇಳಿ ಗೆದ್ದೆ ಎಂದುಕೊಂಡಿದ್ದೆ. ಗೆದ್ದಿರಲಿಲ್ಲ. ಟವರ್ ಬಿಟ್ಟನೇ ಹೊರತು ನೈಲ್ಸ್ ಒಂಟೊನಾಗನ್ ದಾರಿ ಬಿಡಲಿಲ್ಲ.

"ಅವಳಪ್ಪನ ರೇಡಿಯೋಗಳಿಗೆ ಬೆಲೆಚೀಟಿ ಅಂಟಿಸಿಕೊಡಬೇಕಂತೆ. ಒಬ್ಬಳೇ ಇದ್ದಾಳೆ, ಪಾಪ," ಎನ್ನುತ್ತಿದ್ದ.

"ಪಾಪ," ಎನ್ನುತ್ತಿದ್ದೆ ನಾನು. ಹಲ್ಲು ಕಚ್ಚಿ ಹೇಳಿದರೆ ಆ ಎರಡಕ್ಷರ ಎಷ್ಟು ಗಟ್ಟಿ ಎಂದು ನನಗೆ ಆಗ ಗೊತ್ತಾಯಿತು.

ಸೆಪ್ಟೆಂಬರ್‌ನಲ್ಲಿ ಕ್ರಿಸ್ಟಲ್ ಫಾಲ್ಸ್ ಹತ್ತಿರ ಯಾರೋ ಐವತ್ತು ಅಡಿಯ ಟವರ್ ಮಾರುತ್ತಿದ್ದಾರೆಂದು ಸುದ್ದಿ ಹಿಡಿದು ಬಂದ. "ಈಗಾಗ್ಲೇ ಬಿಚ್ಚಿಟ್ಟಿದ್ದಾರೆ. ನೋಡೋಕೆ ಬರ್ತೀಯಾ? ಕೊಲೆಟ್ ತನ್ನ ಪಿಕಪ್ ಗಾಡಿ ಕೊಡ್ತೀನಿ ಅಂದಿದ್ದಾಳೆ."

"ಹಾಗಾದ್ರೆ ಅವಳನ್ನೇ ಕರ್ಕೊಂಡು ಹೋಗು."

"ಅವಳಿಗೆ ಟವರ್ ಬಗ್ಗೆ ಏನು ಗೊತ್ತು?"

"ನಿನ್ನ ಬಗ್ಗೆ ಗೊತ್ತಲ್ಲ, ಸಾಕು."

ಅವನು ಪೆನ್ಸಿಲ್ ತೆಗೆದ, ತುಟಿಗೆ ತಟ್ಟಿಕೊಳ್ಳಲಿಲ್ಲ, ಮತ್ತೆ ಇಟ್ಟುಕೊಂಡ. "ನಿನಗೇನಾಗಿದೆ ವರ್ನಾ?"

"ನನಗೇನು? ಕೆಲಸ ಇದೆ."

ಅವನು ಅವಳನ್ನೇ ಕರೆದುಕೊಂಡು ಹೋದ. ಟವರ್ ಬಂತು. ಗುಂಡಿ ತೋಡಿ, ಬುಡದ ತುಂಡನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ, ಗಟ್ಟಿಯಾಗಲು ಬಿಟ್ಟರು. ನಾನು ಮುಖ ಊದಿಸಿಕೊಂಡು ಆ ಬೀದಿಗೇ ಕಾಲಿಡಲಿಲ್ಲ. ಸುತ್ತುಬಳಸಿ ಇನ್ನೊಂದು ರಸ್ತೆಯಲ್ಲಿ ಮನೆಗೆ ಹೋಗುತ್ತಿದ್ದೆ. ಒಂದು ಸಂಜೆ ಮರೆತು ಹಳೇ ರಸ್ತೆ ಹಿಡಿದೆ. ಅವನ ಮನೆ ಮುಂದೆ ಅವಳ ಪಿಕಪ್ ನಿಂತಿತ್ತು, ಅಡುಗೆಮನೆಯ ದೀಪ ಉರಿಯುತ್ತಿತ್ತು. ನನ್ನ ಕುರ್ಚಿಯಲ್ಲಿ ಕೂತಿದ್ದಾಳೆ ಎಂದುಕೊಂಡೆ. ನಾಲ್ಕು ಕುರ್ಚಿಗಳಲ್ಲಿ ಅವಳು ಬೇರೆ ಯಾವುದರಲ್ಲಾದರೂ ಕೂತಿರಬಹುದೆಂದು ನನಗೆ ತೋಚಲೇ ಇಲ್ಲ.

ಅಕ್ಟೋಬರ್ ಮೊದಲ ಶುಕ್ರವಾರ ಉರ್ಹೋ ತಾತ ಫೋನ್ ಮಾಡಿದರು.

"ನಾಳೆ ನೈಲ್ಸ್ ಟವರ್ ಎತ್ತುತಾನೆ. ನೀನು ಬರಲ್ವೇನೇ?"

"ಅವನಿಗೆ ಜನ ಇದ್ದಾರಲ್ಲ ತಾತ."

"ನಾನು ನಿನ್ನೆ ನೋಡಿ ಬಂದೆ. ಹೊಚ್ಚಹೊಸ ಬೆಳ್ಳಿ ಬಣ್ಣ. ಕನ್ನಡಿ ಇದ್ದಂಗೆ ಹೊಳೀತದೆ."

"ಬಣ್ಣಾನಾ?"

"ಹೂಂ, ಬುಡದಿಂದ ತುದೀವರೆಗೂ."

ಫೋನ್ ಇಟ್ಟ ಮೇಲೂ ಆ ಮಾತು ಕೊರೆಯಿತು. ಸತುವಿನ ಲೇಪ ಇರುವ ಹಳೇ ಟವರ್‌ಗೆ, ಮಾರುವ ಮುನ್ನ, ಯಾರಾದರೂ ಯಾಕೆ ಬಣ್ಣ ಹೊಡೆಯುತ್ತಾರೆ?

* * *

ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಆಗಲೇ ಮೂರು ತುಂಡು ಏರಿತ್ತು. ಮೂವತ್ತಡಿ ಎತ್ತರದಲ್ಲಿ ನೈಲ್ಸ್ ಬೆಲ್ಟ್ ಹಾಕಿಕೊಂಡು ನಿಂತಿದ್ದ. ಕೆಳಗೆ ಕೊಲೆಟ್ ಹಗ್ಗ ಹಿಡಿದಿದ್ದಳು. ಹಗ್ಗ ರಾಟೆಯ ಮೇಲೆ ಹಾದು, ನಾಲ್ಕನೆಯ ತುಂಡು ಅರ್ಧ ಗಾಳಿಯಲ್ಲಿ ತೂಗುತ್ತಿತ್ತು.

ನಾನು ಮಾತಾಡಿಸದೆ ಹುಲ್ಲಿನ ಮೇಲಿದ್ದ ಕೊನೆಯ ತುಂಡಿನ ಬಳಿ ಹೋಗಿ ಸುತ್ತಿಗೆಯಿಂದ ತಟ್ಟಿದೆ. ಒಳ್ಳೆಯ ಕೊಳವೆ ಗಂಟೆಯ ಹಾಗೆ ನುಡಿಯಬೇಕು. ಇದು ಮಣ್ಣಿನ ಗೋಡೆಯ ಹಾಗೆ ಸದ್ದು ಮಾಡಿತು. ಚಾಕುವಿನಿಂದ ಬಣ್ಣ ಕೆರೆದೆ. ಬಣ್ಣದ ಕೆಳಗೆ ಮೇಣದಂಥದ್ದೇನೋ ಮೆತ್ತಿದ್ದರು. ಅದರ ಕೆಳಗೆ, ಅಂಗೈಯುದ್ದದ ಸೀಳು.

ಓಡಿಹೋಗಿ ನಿಂತ ಟವರಿನ ಬುಡ ನೋಡಿದೆ. ಬೇಲಿ ಕಡೆಯ ಕಾಲಿನಲ್ಲಿ ಬಣ್ಣ ಆಗಲೇ ಬಿರುಕು ಬಿಟ್ಟಿತ್ತು. ನಾನು ನೋಡುತ್ತಿದ್ದಂತೆಯೇ ಆ ಬಿರುಕು ಒಂದು ಕೂದಲೆಳೆ ಅಗಲವಾಯಿತು.

"ನೈಲ್ಸ್! ಅಲ್ಲಾಡ್ಬೇಡ!"

ಅವನು ಕೆಳಗೆ ನೋಡಿ ನಕ್ಕ. "ಬಂದೆಯಾ? ಕೋಪ ಇಳೀತಾ?"

"ಕೋಪ ಆಮೇಲೆ. ಕಾಲು ಸೀಳಿದೆ. ನಾನು ಹೇಳೋವರೆಗೂ ಇಳೀಬೇಡ."

ಅವನ ನಗು ನಿಂತಿತು. ನಾನು ಕೊಲೆಟ್ ಪಕ್ಕಕ್ಕೆ ಹೋಗಿ ಹಗ್ಗಕ್ಕೆ ಕೈಹಾಕಿದೆ.

"ಮೊದಲು ಮೇಲಿನ ಭಾರ ಇಳಿಸ್ಬೇಕು. ಜಗ್ಗಬೇಡ. ನನ್ನ ಜೊತೆ ಬಿಡು. ಒಂದು ಗೇಣು... ಇನ್ನೊಂದು ಗೇಣು..."

ಒಂದೇ ಹಗ್ಗದ ಮೇಲೆ ಇಬ್ಬರ ನಾಲ್ಕು ಕೈ. ಆ ತುಂಡು ಹುಲ್ಲಿಗೆ ತಾಗಿದ ಮೇಲೆ ನಾನು ಮೇಲೆ ನೋಡಿದೆ.

"ಈಗ ಬಾ. ಬೇಲಿ ಕಡೆ ಕಾಲಿಗೆ ಭಾರ ಹಾಕ್ಬೇಡ. ಮನೆ ಕಡೆಯಿಂದ. ಒಂದೊಂದೇ."

ಅವನು ಒಂದೊಂದೇ ಅಡ್ಡಪಟ್ಟಿ ಇಳಿದ. ಪ್ರತಿ ಹೆಜ್ಜೆಗೂ ಬುಡದಲ್ಲಿ ಟಿಕ್, ಟಿಕ್ ಎಂದು ಸದ್ದು. ನಾನು ಆ ಸೀಳಿನ ಮೇಲಿಂದ ಕಣ್ಣು ಕೀಳಲಿಲ್ಲ. ಅವನು ಬೇರೆಯವಳ ಪಾಲಾಗಲಿ, ನಾಳೆಯೇ ಮದುವೆಯಾಗಲಿ, ನಾನೇ ಹೋಗಿ ಅಕ್ಕಿ ಎರಚುತ್ತೇನೆ. ಇಷ್ಟು ಮೆಟ್ಟಿಲು ಇಳಿದುಬರಲಿ ಸಾಕು ಎಂದುಕೊಂಡೆ.

ಅವನ ಬೂಟು ಹುಲ್ಲಿಗೆ ತಾಗಿತು. ಮೂವರೂ ಹಿಂದೆ ಸರಿದೆವು. ಟವರ್ ಬೀಳಲಿಲ್ಲ, ಸ್ವಲ್ಪ ವಾಲಿತು, ಅಷ್ಟೇ. ಮಧ್ಯಾಹ್ನ ಕ್ರೇನ್ ತರಿಸಿ ಮಲಗಿಸಿದಾಗ ಆ ಕಾಲು ಕಬ್ಬಿನ ಹಾಗೆ ಮುರಿಯಿತು.

ಆದರೆ ಅದಕ್ಕೆ ಮುಂಚೆಯೇ ಇನ್ನೊಂದು ನಡೆದುಹೋಗಿತ್ತು.

ನೈಲ್ಸ್ ನನ್ನ ಎರಡೂ ಕೈ ಹಿಡಿದುಕೊಂಡಿದ್ದ. ಅವನ ಅಂಗೈ ತಣ್ಣಗಿತ್ತು. "ಆವತ್ತು ಒಂಟೊನಾಗನ್‌ನಲ್ಲೂ ನೀನೇ ಉಳಿಸಿದೆ," ಎಂದ. "ಇವತ್ತೂ ನೀನೇ. ನೀನು ಒಳಗಿನ ತುಕ್ಕು ಕಂಡುಹಿಡೀದೇ ಇದ್ದಿದ್ರೆ ಆ ಟವರ್ ಮೇಲೇ ನಾನು..."

ಸುಮ್ಮನಿದ್ದರೆ ಸಾಕಿತ್ತು. ಆರು ವರ್ಷದಲ್ಲಿ ಮೊದಲ ಸಲ ಅವನು ನನ್ನ ಕೈ ಹಿಡಿದಿದ್ದ. ಅವನ ಹಿಂದೆ ಕೊಲೆಟ್ ತಲೆ ತಗ್ಗಿಸಿ ನಿಂತಿದ್ದಳು, ತನ್ನಪ್ಪನ ಟವರೂ ಹೀಗೆ ಯಾರನ್ನೋ ಕೊಲ್ಲುತ್ತಿತ್ತು ಎಂದು ನಂಬಿಕೊಂಡು.

"ಇಲ್ಲ," ಎಂದೆ. "ಅದರಲ್ಲಿ ತುಕ್ಕಿರಲಿಲ್ಲ."

"ಏನು?"

"ಅದು ಒಳ್ಳೇ ಟವರ್ ನೈಲ್ಸ್. ನಾನು ನೋಡಿದ್ರಲ್ಲೇ ಒಳ್ಳೇದು. ಸುಳ್ಳು ಹೇಳಿದೆ."

"ಯಾಕೆ?"

"ಅವಳು ಕೊಡ್ತಿದ್ಲು ಅಂತ."

ಅವನ ಕೈ ಸಡಿಲವಾಯಿತು. ಕೊಲೆಟ್ ತಲೆಯೆತ್ತಿದಳು. ಮೊದಲ ಸಲ ಅವಳ ಮುಖದಲ್ಲಿ ಕೋಪ ನೋಡಿದೆ.

"ಎರಡು ತಿಂಗಳು," ಎಂದಳು. "ಎರಡು ತಿಂಗಳಿಂದ ಕನಸಲ್ಲಿ ಅಪ್ಪ ಆ ಟವರ್ ಮೇಲಿಂದ ಬೀಳ್ತಾ ಇದ್ರು." ಪಿಕಪ್ ಹತ್ತಿ ಹೋದಳು.

ನೈಲ್ಸ್ ವಾಲಿದ ಟವರನ್ನು ನೋಡುತ್ತ ನಿಂತ. "ನೀನು ಆವತ್ತು ನಿಜ ಹೇಳಿದ್ರೆ," ಎಂದ ನಿಧಾನವಾಗಿ, "ಇದು ಈ ಅಂಗಳಕ್ಕೆ ಬರ್ತಾನೇ ಇರ್ಲಿಲ್ಲ." ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

* * *

ಬುಧವಾರ ಉರ್ಹೋ ತಾತನಿಂದ ಗೊತ್ತಾಯಿತು, ಒಂಟೊನಾಗನ್ ಟವರನ್ನು ಸೋಮವಾರ ಗುಜರಿಯವರು ಕತ್ತರಿಸಿ ಒಯ್ಯುತ್ತಾರಂತೆ. ವರ್ನಾ ಬೇಡ ಎಂದ ಟವರನ್ನು ಯಾರು ಮುಟ್ಟುತ್ತಾರೆ?

ಗುರುವಾರ ಏಳಕ್ಕೆ ರೇಡಿಯೋ ಹಚ್ಚಿದೆ. ನನ್ನ ಸರದಿ ಬಂದಾಗ ಮೈಕಿನ ಗುಂಡಿ ಒತ್ತಿದೆ.

"ನಾನು ವರ್ನಾ. ರೆನೆ ಬರ್ಜೆರಾನ್ ಅವರ ಟವರ್‌ಗೆ ತುಕ್ಕು ಹಿಡಿದಿದೆ ಅಂತ ನಾನು ಹೇಳಿದ್ದು ಸುಳ್ಳು. ಅವರು ಅದನ್ನ ನೋಡ್ಕೊಂಡ ಹಾಗೆ ಈ ಕಡೆ ಯಾರೂ ನೋಡ್ಕೊಂಡಿಲ್ಲ. ಇನ್ನೂ ಐವತ್ತು ವರ್ಷ ನಿಲ್ಲುತ್ತೆ. ಯಾರು ತಗೊಂಡ್ರೂ ಶನಿವಾರ ನಾನೇ ಬಂದು ಬಿಚ್ಚಿಕೊಡ್ತೀನಿ."

ರೇಡಿಯೋದಲ್ಲಿ ಬರೀ ಗೊರಗೊರ ಸದ್ದು.

"ಯಾಕೆ ಹೇಳಿದೆ ಮಗಳೇ?" ಉರ್ಹೋ ತಾತ ಕೇಳಿದರು.

"ಹೊಟ್ಟೆಕಿಚ್ಚಿಗೆ."

"ಟವರ್ ಮೇಲಾ?"

"ಅಲ್ಲ ತಾತ." ಗುಂಡಿ ಬಿಟ್ಟೆ. ಮತ್ತೆ ಒತ್ತಿದೆ. ಮುಳುಗಿದವಳಿಗೆ ಚಳಿಯೇನು? "ನೈಲ್ಸ್ ಟ್ರೆವಾರೋ ಅನ್ನೋ ಮನುಷ್ಯನ ಮೇಲೆ ನನಗೆ ಆರು ವರ್ಷದಿಂದ ಜೀವ. ಅವನ ಜೊತೆ ಯಾರು ನಕ್ಕರೂ ನನಗೆ ಉರಿಯುತ್ತೆ. ಅದಕ್ಕೆ ಕೊಲೆಟ್‌ಗೂ ಅವಳ ಅಪ್ಪನಿಗೂ ಅನ್ಯಾಯ ಮಾಡಿದೆ. ಇಷ್ಟೇ. ಮುಂದಿನೋರು ಮಾತಾಡಿ."

ಮುಂದಿನವರು ಬಾಯಿ ತೆಗೆಯುವ ಮೊದಲೇ ನಾನು ರೇಡಿಯೋ ಆರಿಸಿ, ಅದರ ಮೇಲೆ ಒಂದು ಟವೆಲ್ ಹಾಕಿದೆ.

* * *

ಶನಿವಾರ ಹಿಂದೆ ಟ್ರೇಲರ್ ಕಟ್ಟಿಕೊಂಡು ಒಂಟೊನಾಗನ್‌ಗೆ ಹೋದೆ. ಅಂಗಳದಲ್ಲಿ ನೈಲ್ಸ್‌ನ ವ್ಯಾನ್ ಮೊದಲೇ ನಿಂತಿತ್ತು. ಎಷ್ಟು ಹೊತ್ತಿಗೆ ಬಂದಿದ್ದಾನೋ, ನಿನ್ನೆಯೇ ಬಂದಿದ್ದಾನೋ! ವ್ಯಾನಿನ ಬಾನೆಟ್ ಮುಟ್ಟಿ ನೋಡಿದೆ. ಬಿಸಿಯಿತ್ತು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

"ಹತ್ತು ನಿಮಿಷ ಆಯ್ತು ಅವನು ಬಂದು," ಮೆಟ್ಟಿಲ ಮೇಲೆ ಕೂತಿದ್ದ ಕೊಲೆಟ್ ಹೇಳಿದಳು. ನೋಡಿಬಿಟ್ಟಿದ್ದಳು. "ಟವರ್ ಅವನೇ ತಗೋತಾನಂತೆ. ಹಿತ್ತಲಲ್ಲಿ ಹಗ್ಗ ಬಿಡಿಸ್ತಾ ಇದ್ದಾನೆ."

ಬೆಲ್ಟ್ ಹಾಕಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ. "ನಿನ್ನ ಹತ್ತಿರ ಕ್ಷಮೆ ಕೇಳೋಕೆ..."

"ರೇಡಿಯೋದಲ್ಲಿ ಕೇಳಿಸ್ಕೊಂಡೆ. ಅಪ್ಪನ ಬಗ್ಗೆ ಹೇಳಿದ್ದು ಸರಿಯಾಯ್ತು. ಪೂರ್ತಿ ಕ್ಷಮಿಸಿದೀನಿ ಅಂದ್ಕೋಬೇಡ." ಸ್ವಲ್ಪ ತಡೆದು ಹೇಳಿದಳು. "ನಿನ್ನ ಉರಿ ಸುಳ್ಳಲ್ಲ, ಗೊತ್ತಾ? ಅವನು ನನಗೂ ಹಿಡಿಸಿದ್ದ. ಸೆಪ್ಟೆಂಬರ್‌ನಲ್ಲಿ ಕೇಳಿಯೂಬಿಟ್ಟೆ."

ಬಕಲ್ ಕೈಯಿಂದ ಜಾರಿತು. "ಏನಂದ?"

"ಇನ್ನೊಬ್ಬಳು ಇದ್ದಾಳೆ ಅಂದ. ಅವಳಿಗೆ ಹೇಳಿದೀಯಾ ಅಂದೆ. ಇನ್ನೂ ಇಲ್ಲ ಅಂದ." ಅವಳ ಮೂಗಿನ ಮೇಲೆ ಆ ಸುಕ್ಕು ಮೂಡಿತು. "ನಾನು ಆರು ವಾರದಲ್ಲಿ ಕೇಳಿದೆ. ನೀವಿಬ್ಬರು ಆರು ವರ್ಷ! ನಿಮ್ಮಂಥೋರಿಗೆ ಟವರ್ ಯಾಕೆ ಬೇಕು? ಬಾಯಿದ್ದೂ ಮೂಗರು."

ನೈಲ್ಸ್ ಹಗ್ಗ ಹೊತ್ತು ಬಂದ. ನನ್ನನ್ನು ನೋಡಿ, "ಮೇಲಿನ ತುಂಡಿಂದ ಶುರು ಮಾಡೋಣ," ಎಂದ, ಅಷ್ಟೇ.

ಇಡೀ ದಿನ ನಾನು ಮೇಲೆ, ಅವನು ಕೆಳಗೆ. "ಬಿಡು", "ಹಿಡಿ", "ನಿಧಾನ" ಬಿಟ್ಟು ಮಾತಿಲ್ಲ. ಇಬ್ಬರೇ ಆದರೂ ನಾನು ಲೆಕ್ಕ ಹಾಕಿದ್ದ ಎರಡು ಮೂರು ವಾರಾಂತ್ಯ ಬೇಕಾಗಲಿಲ್ಲ, ತುಂಡುಗಳು ಒಂದೊಂದಾಗಿ ಇಳಿದವು. ಅಷ್ಟು ಗ್ರೀಸ್ ಹಚ್ಚಿದ ಬೋಲ್ಟುಗಳು ಬೆಣ್ಣೆಯಂತೆ ಬಿಚ್ಚಿಕೊಂಡವು. ಮಧ್ಯಾಹ್ನ ಕೊಲೆಟ್ ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿ ತಂದುಕೊಟ್ಟಳು. ಅವನಿಗೆ ಒಂದು, ನನಗೆ ಎರಡು. ಅದು ಕನಿಕರವೋ ಕುಹಕವೋ ಗೊತ್ತಾಗಲಿಲ್ಲ, ಎರಡನ್ನೂ ತಿಂದೆ.

ಕೊನೆಯ ತುಂಡು ಟ್ರೇಲರಿಗೆ ಬಿಗಿಯುವಾಗ, ಕೊಲೆಟ್ ಸೂಚಿಸಿದ್ದನ್ನು ನಂಬುವ ಧೈರ್ಯವಿಲ್ಲದೆ ಕೇಳಿಯೇಬಿಟ್ಟೆ. "ಆ ಇನ್ನೊಬ್ಬಳು ಯಾರು?"

"ಯಾವ ಇನ್ನೊಬ್ಬಳು?"

"ಕೊಲೆಟ್‌ಗೆ ಹೇಳಿದೆಯಂತಲ್ಲ."

ಅವನು ಹಗ್ಗ ಬಿಟ್ಟು ನೆಟ್ಟಗೆ ನಿಂತ. ನನ್ನ ಮುಖವನ್ನು ದಿಟ್ಟಿಸಿ ನೋಡಿದ. "ಅವಳ ಮೇಲೂ ಹೊಟ್ಟೆಕಿಚ್ಚು ಪಡ್ತಾ ಇದೀಯಾ?"

"ಹೆಸರು ಗೊತ್ತಾದ್ರೆ ಪಡ್ತೀನಿ."

"ವರ್ನಾ," ಎಂದ.

"ಹೇಳು."

"ಹೇಳಿದ್ನಲ್ಲ."

ಅರ್ಥವಾಗಲು ನನಗೆ ಒಂದು ಕ್ಷಣ ಹಿಡಿಯಿತು. ಕಿವಿಯವರೆಗೂ ಬಿಸಿಯೇರಿತು. ಅವನು ಬಂದು ನನ್ನ ಗಲ್ಲಕ್ಕೆ ಹತ್ತಿದ್ದ ಗ್ರೀಸನ್ನು ಹೆಬ್ಬೆರಳಿನಿಂದ ಒರೆಸಿದ. ಅವನ ಕೈಯಲ್ಲೂ ಗ್ರೀಸ್, ಇನ್ನಷ್ಟು ಹತ್ತಿತು.

"ನನಗೆ ಇನ್ನೂ ಕೋಪ ಇದೆ," ಎಂದ.

"ಇರ್ಲಿ."

"ಸ್ವಲ್ಪ ದಿನ ಇರುತ್ತೆ. ಇದರ ಬುಡ ಬೇರೆ ಅಳತೆ. ಹಳೇ ಕಾಂಕ್ರೀಟು ಒಡೆದು ಹೊಸ ಗುಂಡಿ ತೋಡ್ಬೇಕು. ನೀನೇ ತೋಡ್ಬೇಕು."

"ತೋಡ್ತೀನಿ."

"ಹಿಮ ಬೀಳೋಕೆ ಮುಂಚೆ ಆಗಲ್ಲ. ಮೇ ತಿಂಗಳವರೆಗೂ ಕಾಯ್ಬೇಕು."

"ಕಾಯ್ತೀನಿ. ಆದ್ರೆ ಇನ್ನೊಂದ್ಸಲ ನಿನ್ನ ಪೆನ್ಸಿಲ್ ಯಾರಾದ್ರೂ ಮುಟ್ಟಿದ್ರೆ..."

ಮಾತು ಮುಗಿಸಲು ಅವನು ಬಿಡಲಿಲ್ಲ. ಆರು ವರ್ಷ ಕಾದ ಮುತ್ತಿಗೆ ಗ್ರೀಸಿನ ವಾಸನೆಯಿತ್ತು, ಪ್ಯಾಸ್ಟಿಯ ಮೆಣಸಿನ ಖಾರವೂ ಇತ್ತು. ಮನೆಯೊಳಗೆ ಕೊಲೆಟ್ ಕಿಟಕಿಯ ಪರದೆಯನ್ನು ಸರ್ರೆಂದು ಎಳೆದದ್ದು ಕೇಳಿಸಿತು.

ಕತ್ತಲಾಗುವ ಮುನ್ನ ಹೊರಟೆವು. ನಾನು ನನ್ನ ಗಾಡಿ ಹತ್ತಿ ಚಾಲೂ ಮಾಡಿದೆ. ನೈಲ್ಸ್ ತನ್ನ ವ್ಯಾನಿನ ಕಡೆ ಹೋಗದೆ ಈ ಕಡೆ ಬಂದು ನನ್ನ ಪಕ್ಕದ ಬಾಗಿಲು ತೆಗೆದು ಕೂತ.

"ವ್ಯಾನು?"

"ಇಲ್ಲೇ ಇರ್ಲಿ."

"ಅವಳ ಅಂಗಳದಲ್ಲಾ?" ದನಿ ತಾನಾಗಿಯೇ ಮೇಲೇರಿತು. "ಹಾಗಾದ್ರೆ ನಾಳೆ ಮತ್ತೆ ನೀನು ಇಲ್ಲಿಗೆ ಬರ್ಬೇಕು."

"ಬರ್ಬೇಕು."

"ಯಾರ ಜೊತೆ ಬರ್ತೀಯ?"

ಅವನು ಸೀಟಿಗೆ ಒರಗಿ ಕಣ್ಣು ಮುಚ್ಚಿದ. ತುಟಿಯ ಅಂಚಿನಲ್ಲಿ ನಗುವಿತ್ತು. "ಅದಕ್ಕೇ ಕಣೇ ಬಿಟ್ಟು ಬಂದಿದ್ದು," ಎಂದ. "ನೀನೇ ಕರ್ಕೊಂಡು ಬಾ."